ಅಕ್ಕನ ಕಣ್ಣೂ ಕ್ಯೋಟೊದ ಹಳೆ ಕೇರಿಯೂ

"ಮೀನು ಮಾರೂದು ನಿನ್ನಿಂದ ಆಗೂದಿಲ್ಲ" ಎಂದವನು ನನ್ನ ಅಣ್ಣ. ಹಟ್ಟಿಕೇರಿಯಿಂದ ಅಂಕೋಲಾ ಪೇಟೆಗೆ ಮೊದಲ ಸಲ ಬುಟ್ಟಿ ಹೊತ್ತು ಹೊರಟಾಗ ಅಂದದ್ದು. ಪೇಟೆಯಲ್ಲಿ ಅಂಗಡಿ ಹಾಕಿದಾಗಲೂ ಅದನ್ನೇ ಅಂದ. ಅಕ್ಕನನ್ನು ಜಪಾನಿಗೆ ಕರೆದೊಯ್ಯುತ್ತೇನೆ ಎಂದಾಗಲಂತೂ ಅಂಗಳದಲ್ಲಿ ಕೂತು ನಕ್ಕ. ಆಗೂದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಅದು ಆಗಿಯೇ ತೀರಬೇಕು. ಆಗುವಾಗ ಏನಾದರೊಂದು ಫಜೀತಿಯೂ ಆಗಿಯೇ ತೀರುತ್ತದೆ.

ಅಕ್ಕನ ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತ ಬಂದಿತ್ತು. ಎದುರಿಗಿದ್ದದ್ದು ಕಾಣುತ್ತದೆ, ಮಗ್ಗುಲಲ್ಲಿದ್ದದ್ದು ಇಲ್ಲ. ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದೂ ಹೆಚ್ಚು ದಿನ ಇರಲಿಕ್ಕಿಲ್ಲ, ನೋಡಬೇಕಾದದ್ದು ಇದ್ದರೆ ಈಗಲೇ ನೋಡಿಬಿಡಿ ಎಂದರು ಕಾರವಾರದ ಡಾಕ್ಟರು. ಬೇರೆಯವರಾದರೆ ಕಾಶಿ ಎನ್ನುತ್ತಿದ್ದರು. ಅಕ್ಕ ಅಡುಗೆಮನೆಯ ಗೋಡೆ ತೋರಿಸಿದಳು. ನಮ್ಮ ಬೋಟಿನ ಇಂಜಿನ್ ಏಜೆಂಟರು ಎಂದೋ ಕೊಟ್ಟ ಕ್ಯಾಲೆಂಡರು; ತಾರೀಕಿನ ಹಾಳೆ ಹರಿದುಹೋಗಿ ಚಿತ್ರ ಮಾತ್ರ ಉಳಿದಿತ್ತು. ಕಲ್ಲಿನ ಮೆಟ್ಟಿಲ ಓಣಿ, ಎರಡೂ ಬದಿಗೆ ಮರದ ಮನೆ, ತುದಿಯಲ್ಲಿ ಐದಂತಸ್ತಿನ ಗೋಪುರ.

"ಈ ಓಣಿ ನೋಡೂದು" ಅಂದಳು.

ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಓದು ಕಲಿತದ್ದು ಮೀನು ಕಟ್ಟುವ ಹಳೆ ಪೇಪರಿನಲ್ಲಿ. ಆದರೂ ಹುಡುಕಿ ಓದಿ ಪತ್ತೆ ಮಾಡಿದೆ. ಅದು ಕ್ಯೋಟೊ ಎಂಬ ಊರಿನ ಹಳೆ ಕೇರಿ.

ಮೀನು ಹಿಡಿದು ದೇವರಿಗೆ

ಕ್ಯೋಟೊದಲ್ಲಿ ನಮ್ಮ ಪ್ರವಾಸದ ಗೈಡ್ ಒಬ್ಬ ಮರಾಠಿ ಹೆಂಗಸು. ಮೊದಲು ನಮ್ಮನ್ನು ಸೂರು ಹಾಕಿದ ಒಂದು ಪೇಟೆ ಓಣಿಗೆ ಕರೆದೊಯ್ದಳು. ಮೀನು ಕಂಡಲ್ಲಿ ನಮ್ಮ ಕೈ ಸುಮ್ಮನಿರುವುದಿಲ್ಲ. ಒಂದನ್ನು ಎತ್ತಿ ಕಿವಿರೊಳಗೆ ಬೆರಳು ಹಾಕಿ ಕೆಂಪು ನೋಡಿದೆ. ಅಂಗಡಿಯವನು ಎದೆಯ ಮುಂದೆ ಎರಡೂ ಕೈ ಅಡ್ಡಡ್ಡ ಹಿಡಿದು ನಿಂತ. ಅಂಕೋಲೆಯಲ್ಲಿ ಕಿವಿರು ಎತ್ತದೆ ಮೀನು ಕೊಂಡವಳನ್ನು ನೋಡಿ ನಗುತ್ತಾರೆ. ಅಲ್ಲಿ ಮುಟ್ಟಿದ್ದೇ ತಪ್ಪಂತೆ. ಮುಟ್ಟಿ ಬಿಟ್ಟುಹೋಗುವುದು ನನ್ನ ಮರ್ಯಾದೆಗೆ ಕಡಿಮೆ ಅನಿಸಿ ಕೊಂಡೆ. ಅವನು ಅದನ್ನು ಮದುವೆ ಸೀರೆಯ ಹಾಗೆ ಸುತ್ತಿ, ಐಸ್ ಇಟ್ಟು, ಬಾಗಿ ನಮಸ್ಕರಿಸಿ ಕೊಟ್ಟ.

ಮುಂದಿನದು ಗುಡ್ಡದ ಮೇಲಿನ ದೊಡ್ಡ ದೇವಸ್ಥಾನ. ಮೀನು ಹಿಡಿದು ದೇವರ ಮುಂದೆ ಹೋಗುವುದು ಹೇಗೆ? ಎಸೆಯೋಣವೆಂದರೆ ಆ ಊರಿನ ಬೀದಿಯಲ್ಲಿ ಹುಡುಕಿದರೂ ಕಸದ ಡಬ್ಬಿ ಇಲ್ಲ. ಸರದಿಯ ಮೇಲೆ ಹೋಗೋಣ, ಮೊದಲು ನೀನು ಎಂದಳು ಅಕ್ಕ. "ದೇವಸ್ಥಾನ ಇಲ್ಲೇ ಇರ್ತದೆ, ನಿನ್ನ ಕಣ್ಣು ಇರೂದಿಲ್ಲ. ನಡೆ" ಎಂದು ಗೈಡಿನ ಜೊತೆ ಕಳಿಸಿದೆ. ಅಕ್ಕ ಒಂದೊಂದು ಕಂಬವನ್ನೂ ನೋಡುತ್ತ ನಿಂತಳಂತೆ. ನನ್ನ ಸರದಿ ಬರುವ ಮೊದಲೇ ಬಸ್ಸು ಬಂತು. ಜಪಾನಿನ ಆ ದೇವಸ್ಥಾನ ಹೇಗಿದೆ ಎಂದು ಊರಲ್ಲಿ ಈಗಲೂ ಕೇಳುತ್ತಾರೆ. ಅದರ ಗೇಟು ಬಹಳ ಚೆನ್ನಾಗಿದೆ.

ತಿರುಗಿದ ಚಪ್ಪಲಿ

ಮರದ ಹಳೆ ಮನೆಯೊಂದರಲ್ಲಿ ಚಹಾ. ನಮ್ಮ ಮನೆಗಳಲ್ಲಿ ಬಿಡುವ ಹಾಗೆ ಚಪ್ಪಲಿ ಹೊರಗೆ ಬೀದಿಯಲ್ಲೇ ಬಿಟ್ಟು ಹೋದೆವು. ಬಿಡಬೇಕಾದದ್ದು ಬಾಗಿಲ ಒಳಗಂತೆ. ಚಹಾ ಮುಗಿಸಿ ಎದ್ದು ಬಂದರೆ ಯಾರೋ ಅವನ್ನು ಒಳಗೆ ತಂದು, ಮೂತಿ ಬೀದಿಯ ಕಡೆ ಮಾಡಿ ಇಟ್ಟಿದ್ದರು. ಅಕ್ಕನ ಮುಖ ಕೆಂಪಾಯಿತು. ಕುಡಿದಾಯಿತಲ್ಲ, ಇನ್ನು ನಡೆಯಿರಿ ಅಂತ ತಾನೆ ಇದು ಎಂದಳು. ಮೆಟ್ಟಲು ಸುಲಭವಾಗಲೆಂದು ಗೌರವಕ್ಕೆ ಹಾಗಿಡುತ್ತಾರೆ ಎಂದು ಗೈಡ್ ಸಮಾಧಾನ ಮಾಡಿದಳು.

ಅಕ್ಕನಿಗೆ ಅದು ಬಹಳ ಹಿಡಿಸಿತು. ಊರಿಗೆ ಬಂದ ಮೇಲೆ ಮನೆಗೆ ಬಂದವರ ಚಪ್ಪಲಿಯನ್ನೆಲ್ಲ ಕೈಯಲ್ಲಿ ತಡಕಿ ಬೀದಿಗೆ ಮುಖ ಮಾಡಿ ಇಡುತ್ತಾಳೆ. ಅಣ್ಣ ಒಮ್ಮೆ ಅದನ್ನು ನೋಡಿದ. ಆಮೇಲೆ ಬಂದಿಲ್ಲ.

ಯಾರ ಕೈ

ಕೊನೆಗೆ ಆ ಓಣಿ. ನಮ್ಮ ಚಿತ್ರದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅಲ್ಲಿ ಕಾಲಿಡಲು ಜಾಗವಿಲ್ಲ. ಸೆರಗು ಸರಿಮಾಡಲು ಅರೆಗಳಿಗೆ ಅಕ್ಕನ ಕೈ ಬಿಟ್ಟೆ. ತಿರುಗಿದರೆ ಅಕ್ಕ ಇಲ್ಲ. ಅವಳಿಗೆ ಫೋನಿಲ್ಲ, ಭಾಷೆಯಿಲ್ಲ, ಮಗ್ಗುಲಲ್ಲಿ ನಿಂತವರು ಕಾಣುವುದಿಲ್ಲ. ಅಣ್ಣನಿಗೆ ಏನು ಹೇಳಲಿ ಎಂಬುದೇ ತಲೆಯಲ್ಲಿ. ಅಕ್ಕಾ ಅಕ್ಕಾ ಎಂದು ಕೂಗುತ್ತ ಮೆಟ್ಟಿಲು ಹತ್ತಿ ಇಳಿದೆ. ಜನ ಪಕ್ಕಕ್ಕೆ ಸರಿದು ದಾರಿ ಕೊಟ್ಟರು, ಕೈಯಲ್ಲಿ ಇನ್ನೂ ಇದ್ದ ಮೀನಿನ ವಾಸನೆಗೂ ಇರಬಹುದು.

ಗೋಪುರದ ಬುಡದಲ್ಲಿ ಸಿಕ್ಕಳು. ಜಪಾನಿನ ಮುದುಕರೊಬ್ಬರ ಕೈಯನ್ನು ಗಟ್ಟಿಯಾಗಿ ಹಿಡಿದು, ಗೋಪುರವನ್ನೇ ನೋಡುತ್ತ, ಹಂಚು ನಮ್ಮ ಹಂಚಿನ ಹಾಗಲ್ಲ ಕಪ್ಪು, ಕಿಟಕಿಗೆ ಬಿದಿರ ಚಾಪೆ ಬಿಟ್ಟಿದ್ದಾರೆ ಎಂದು ವಿವರಿಸುತ್ತಿದ್ದಳು. ಮುದುಕರು ಪ್ರತಿ ಮಾತಿಗೂ ತಲೆ ಬಾಗಿಸುತ್ತಿದ್ದರು. ಓಣಿಯ ಉದ್ದಕ್ಕೂ ಹೀಗೇ ಬಂದಿದ್ದರಂತೆ.

ನಾನು ಎದುರಿಗೆ ಹೋಗಿ ನಿಂತೆ. ಅಕ್ಕ ನನ್ನನ್ನು ನೋಡಿದಳು. ಕೈಯಲ್ಲಿದ್ದ ಕೈಯನ್ನು ಸವರಿ ನೋಡಿದಳು.

"ಹಾಗಾರೆ ಇದು ಯಾರದ್ದೇ?"

ಹೇಳಿದೆ.

"ನಾನೂ ಅಂದ್ಕಂಡೆ, ಹುಟ್ಟಿದಾಗಿಂದ ಇವಳು ಬಾಯಿ ಮುಚ್ಚಿ ಕೇಳಿದ್ದು ಇದೇ ಮೊದಲು ಅಂತ."

ಪೂರಾ ನೋಡಿದೆಯಾ ಎಂದು ಕೇಳಿದೆ. ನೀನಿಲ್ಲದ್ದಕ್ಕೇ ಪೂರಾ ನೋಡಿದೆ ಎಂದಳು.

ಈಗ ಅಕ್ಕನಿಗೆ ಹಗಲು ಯಾವುದು ರಾತ್ರಿ ಯಾವುದು ಎಂದು ತಿಳಿಯುತ್ತದೆ, ಅಷ್ಟೇ. ನನ್ನದೆಂದು ಪೇಟೆಯ ಅಂಗಡಿ ಇದೆ, ಒಂದು ಟೆಂಪೊ ಇದೆ, ಹಟ್ಟಿಕೇರಿಯ ಮನೆ ಇದೆ. ಬೋಟು ಇಲ್ಲ. ಅದನ್ನು ಮಾರಿಯೇ ಹೋಗಿಬಂದದ್ದು. ಈಗ ಬೆಳಿಗ್ಗೆ ಬಂದರಿಗೆ ಹೋಗಿ, ಅದೇ ಬೋಟು ತಂದ ಮೀನನ್ನು ಅದರ ಹೊಸ ಯಜಮಾನನ ಹತ್ತಿರ ಚೌಕಾಸಿ ಮಾಡಿ ಕೊಳ್ಳುತ್ತೇನೆ.