ಮಾವನ ಅನುಭವ, ಅತ್ತೆಯ ತೆಂಗಿನಕಾಯಿ

ನಮ್ಮ ಸೋದರಮಾವನವರಷ್ಟು ಅನುಭವಸ್ಥ ಪೈಲ್ವಾನ ಇಡೀ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬನಿರಲಿಲ್ಲ. ಈ ಮಾತನ್ನು ನಾನು ಯಾವ ಕಟ್ಟೆಯ ಮೇಲೆ ಬೇಕಾದರೂ ನಿಂತು ಹೇಳುತ್ತೇನೆ. ಆದರೆ ಯಾವುದರಲ್ಲಿ ಅನುಭವ ಎಂದು ಮಾತ್ರ ದಯವಿಟ್ಟು ಕೇಳಬೇಡಿ. ಕೇಳಿಯೇಬಿಟ್ಟಿರಾ? ಸರಿ, ಹೇಳುತ್ತೇನೆ. ಸೋಲುವುದರಲ್ಲಿ!

ಇಪ್ಪತ್ತೈದು ವರ್ಷ ಕುಸ್ತಿ ಹಿಡಿದು ಒಂದು ಸಲವೂ ಗೆಲ್ಲದೆ ಇರುವುದು ಸುಲಭವೆಂದು ತಿಳಿಯಬೇಡಿ. ಎಂಥ ಕೈಲಾಗದವನ ಎದುರಾಳಿಗೂ ಒಂದಲ್ಲ ಒಂದು ದಿನ ಕಾಲು ಜಾರುತ್ತದೆ, ಹೊಟ್ಟೆ ಕೆಡುತ್ತದೆ, ಕಣ್ಣಿಗೆ ಮಣ್ಣು ಬೀಳುತ್ತದೆ. ಮಾವನ ಎದುರಾಳಿಗಳಿಗೆ ಅಂಥದ್ದೇನೂ ಆಗುತ್ತಿರಲಿಲ್ಲ. ಅವರ ಎದುರು ನಿಂತರೆ ಸಾಕು, ನಾಲ್ಕು ದಿನದಿಂದ ಜ್ವರ ಬಂದು ಮಲಗಿದ್ದವನೂ ಚೇತರಿಸಿಕೊಳ್ಳುತ್ತಿದ್ದ.

ನಾನು ಆಗ ಚಿತ್ರದುರ್ಗದ ಶಾಲೆಯಲ್ಲಿ ಮೇಷ್ಟ್ರು. ಊಟ, ವಾಸ ಎರಡೂ ಮಾವನ ಮನೆಯಲ್ಲೇ. ಅವರಿಗೆ ಮಕ್ಕಳಿರಲಿಲ್ಲ. ಪೇಟೆಯ ಅರಳೆ ಮಂಡಿಯಲ್ಲಿ ತಕ್ಕಡಿ ಹಿಡಿಯುವುದು ಅವರ ಕೆಲಸ. ದಿನವಿಡೀ ಅರಳೆ ತೂಗಿ ತೂಗಿ, ರಸ್ತೆಯಲ್ಲಿ ಯಾರು ಎದುರು ಬಂದರೂ ಕಣ್ಣಲ್ಲೇ ತೂಗಿಬಿಡುತ್ತಿದ್ದರು. ಒಮ್ಮೆ ಅಮಲ್ದಾರರು ಎದುರಾದಾಗ ಕೈಮುಗಿದು, "ಏನ್ ಬುದ್ಧಿ, ಅರ್ಧ ಮಣ ಇಳಿದೀರಿ, ಮೈಯಾಗೆ ಹುಷಾರಿಲ್ವೇ?" ಎಂದು ಕೇಳಿದರು. ಅಮಲ್ದಾರರು ಆಮೇಲೆ ಬೇರೆ ಬೀದಿಯಲ್ಲಿ ಓಡಾಡತೊಡಗಿದರು.

ನಮ್ಮ ಕಡೆಯ ಕುಸ್ತಿಯಲ್ಲಿ ಒಂದು ಪದ್ಧತಿಯಿತ್ತು. ಗೆದ್ದವನ ತಲೆಗೆ ಪಂಚರು ಜರಿಯಂಚಿನ ರುಮಾಲು ಸುತ್ತುವರು. ಸೋತವನೂ ಬರಿಗೈಯಲ್ಲಿ ಹೋಗಬಾರದಲ್ಲ, ಅವನ ಕೈಗೆ ಒಂದು ತೆಂಗಿನಕಾಯಿ ಕೊಡುವರು. ನಮ್ಮ ಅತ್ತೆ ಮದುವೆಯಾಗಿ ಈ ಮನೆಗೆ ಕಾಲಿಟ್ಟಾಗಿನಿಂದ ಪೇಟೆಯಲ್ಲಿ ಕಾಯಿ ಕೊಂಡವರೇ ಅಲ್ಲ! ಒಂದು ದಿನ ನೆರೆಮನೆಯಾಕೆ ಬಾಗಿಲಲ್ಲಿ ನಿಂತು, "ಅಕ್ಕಾ, ಮುಂದಿನ ವಾರ ನಮ್ಮನೇಲಿ ಹೋಳಿಗೆ ಮಾಡ್ತೀವಿ. ಅಣ್ಣಾರದು ಕುಸ್ತಿ ಯಾವಾಗೈತೆ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಅತ್ತೆ ಮೊರ ಕೆಳಗಿಡದೆಯೇ, "ಸೋಮವಾರ ಹೊಸದುರ್ಗದಾಗೈತೆ. ಒಂದು ಕಾಯಿ ನಿಂಗೇ ಇಡ್ತೀನಿ ತಗಾ" ಎಂದರು.

ಹೊಳಲ್ಕೆರೆಯ ಕುಸ್ತಿಯನ್ನಂತೂ ಆ ಸೀಮೆಯವರು ಈಗಲೂ ಮರೆತಿಲ್ಲ. ಪಂಚರು ಇಬ್ಬರ ಕೈ ಕೂಡಿಸಿದರು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಗೌಡರೊಬ್ಬರು ಎಲೆಗೆ ಸುಣ್ಣ ಹಚ್ಚಲು ತಲೆ ತಗ್ಗಿಸಿದರು. ತಲೆಯೆತ್ತಿದಾಗ ಮಾವ ಅಂಗಾತ ಮಲಗಿದ್ದರು. ಗೌಡರು ರೇಗಿದರು. "ರಾಮಗಿರಿಯಿಂದ ಗಾಡಿ ಕಟ್ಕಂಡು ಬಂದೀನ್ರಿ ನಾನು! ಏನೂ ಕಾಣ್ಲೇ ಇಲ್ಲ, ಇನ್ನೊಂದ್ಸಲ ಹಿಡೀರಿ!" ಬೇರೆ ಯಾವ ಪೈಲ್ವಾನನಾದರೂ ಒಪ್ಪುತ್ತಿದ್ದನೇ? ಮಾವ ಎದ್ದು ಮೈ ಕೊಡವಿಕೊಂಡು, "ಪಾಪ, ದೂರದಿಂದ ಬಂದವರೆ" ಎಂದು ಮತ್ತೆ ಕೈ ಕೊಟ್ಟರು. ಮತ್ತೆ ಬಿದ್ದರು. ಆ ದಿನ ಮನೆಗೆ ಎರಡು ಕಾಯಿ ಬಂತು.

ಇಷ್ಟಾದರೂ ಗರಡಿಯಲ್ಲಿ ಮಾವ ಬಾಯಿಬಿಟ್ಟರೆ ಅನುಭವದ ಮಾತೇ. "ಸಣ್ಣ ಕುಸ್ತಿಗೆ ರಟ್ಟೆ ಸಾಕು. ದೊಡ್ಡ ಕುಸ್ತಿಗೆ ಅನುಭವ ಬೇಕು" ಎನ್ನುವರು. ಹೊಸ ಹುಡುಗರಿಗೆ ಪಟ್ಟು ಹೇಳಿಕೊಡುವಾಗ ಬೇರೆ ಉಸ್ತಾದರಂತೆ ನಿಂತು ಹೇಳಿಕೊಡುತ್ತಿರಲಿಲ್ಲ. ಕುಸ್ತಿಯ ಮಟ್ಟಿಯ ಮಣ್ಣಿನ ಮೇಲೆ ಅಂಗಾತ ಮಲಗಿ, ಅಲ್ಲಿಂದ ಪಾಠ ಹೇಳುವರು!

ನನ್ನ ನಾಲಗೆ ಸುಮ್ಮನಿದ್ದೀತೇ? ಒಂದು ದಿನ ಕೇಳಿಯೇಬಿಟ್ಟೆ. "ಅಲ್ಲ ಮಾವ, ಒಂದೇ ಕ್ಲಾಸಿನಾಗೆ ಒಂಬತ್ತು ಸಲ ನಪಾಸಾದ ಹುಡುಗನ್ನ ಅನುಭವಸ್ಥ ಅಂತಾರಾ?"

"ಮತ್ತೆ? ಆ ಪುಸ್ತಕ ಅವನಿಗೆ ಬಾಯಿಪಾಠ ಆಗಿರ್ತೈತಲ್ಲೋ ಮೇಷ್ಟ್ರೇ! ಗೆದ್ದೋನಿಗೆ ಏನ್ ಕಾಣ್ತೈತೆ? ನನ್ನ ಹೊಟ್ಟೆ. ಅವನು ಎತ್ತುವಾಗ ನನಗೆ ಕಾಣಾದು ಅವನ ಕಾಲು. ಯಾವ ಕಾಲ ಮೇಲೆ ಭಾರ ಬಿಡ್ತಾನೆ, ಯಾವಾಗ ಉಸಿರು ಬಿಗಿ ಹಿಡೀತಾನೆ, ಎಲ್ಲಾ ನೋಡೀನಿ."

"ನೋಡಿ ಏನ್ ಮಾಡಿದ್ರಿ?"

"ಬಿದ್ದೆ" ಎಂದರು ಮಾವ, ಸ್ವಲ್ಪವೂ ಬೇಸರವಿಲ್ಲದೆ.

ಹಾಗಾದರೆ ಬಿಡಬಾರದೇ ಈ ಕುಸ್ತಿಯನ್ನು? ನಲವತ್ತೆಂಟು ತುಂಬಿತ್ತು. ಮೆಟ್ಟಿಲು ಹತ್ತಿದರೆ ಮೊಣಕಾಲು ಲೊಟಲೊಟ ಎನ್ನುತ್ತಿತ್ತು. ಗರಡಿಯ ಹಿರಿಯರು, ಮಹಾರಾಜರ ವರ್ಧಂತಿಯ ಕುಸ್ತಿಯೇ ಕೊನೆ, ಆಮೇಲೆ ನಿನಗೆ ಜೋಡಿ ಕಟ್ಟುವುದಿಲ್ಲ ಎಂದು ಖಂಡಿತವಾಗಿ ಹೇಳಿಬಿಟ್ಟಿದ್ದರು. ಆ ಸಂಜೆ ಮಾವ ಜಗಲಿಯಲ್ಲಿ ನನ್ನ ಪಕ್ಕ ಕುಳಿತು, ಒಳಗೆ ಕೇಳಿಸದ ಹಾಗೆ ಹೇಳಿದರು. "ಕುಸ್ತಿ ನೋಡಾಕೆ ಹೆಂಗಸ್ರು ಬರಂಗಿಲ್ಲ. ನಿಮ್ಮತ್ತೆ ನೋಡಿರಾದು ಬರೀ ತೆಂಗಿನಕಾಯಿ. ಒಂದ್ಸಲ, ಒಂದೇ ಸಲ, ಆ ರುಮಾಲು ಸುತ್ಕಂಡು ಈ ಬಾಗಿಲಾಗೆ ಅವಳ ಮುಂದೆ ನಿಂತ್ಕಬೇಕಲೇ."

ನಾನು ನಕ್ಕೆ. ಆಗ ನನಗೆ ಎಲ್ಲದಕ್ಕೂ ನಗು ಬರುತ್ತಿತ್ತು.

ವರ್ಧಂತಿಯ ದಿನದ ದೊಡ್ಡ ಜೋಡಿ ಹಿರಿಯೂರಿನ ಪೈಲ್ವಾನನದು. ಇಪ್ಪತ್ತೆರಡರ ಪ್ರಾಯ, ಎಂಟು ಮಣದ ಆಳು, ಹುಟ್ಟಿದಾಗಿನಿಂದ ಬೆನ್ನಿಗೆ ಮಣ್ಣು ಸೋಂಕಿಸಿಕೊಂಡವನಲ್ಲ. ಅವನ ಯಾವ ಕುಸ್ತಿಯೂ ಬಾಳೆಹಣ್ಣು ಸುಲಿದು ತಿನ್ನುವಷ್ಟು ಹೊತ್ತು ನಡೆದದ್ದಿಲ್ಲವಂತೆ. ಅವನೊಡನೆ ಹಿಡಿಯಬೇಕಾಗಿದ್ದ ದಾವಣಗೆರೆಯ ಪೈಲ್ವಾನ ಹಿಂದಿನ ದಿನ ಕಾಲು ಉಳುಕಿಸಿಕೊಂಡು ಕುಳಿತ. ಅದು ನಿಜವಾದ ಉಳುಕೋ, ಹಿರಿಯೂರಿನವನ ತೋಳು ನೋಡಿ ಬಂದ ಉಳುಕೋ, ನಾನು ಕಾಣೆ. ಬೇರೆ ಯಾರಿದ್ದೀರಿ ಎಂದು ಪಂಚರು ಕೇಳಿದಾಗ ಅಷ್ಟೂ ಪೈಲ್ವಾನರು ಆಕಾಶದಲ್ಲಿ ಏನೋ ಕಂಡವರಂತೆ ಮೇಲೆ ನೋಡತೊಡಗಿದರು. ಕೈ ಎತ್ತಿದವರು ಒಬ್ಬರೇ!

ದೊಡ್ಡ ಜೋಡಿಗೆ ತೂಕ ಸಮನಿರಬೇಕು. ಅದಕ್ಕೆ ದುರ್ಗದಲ್ಲಿ ಬೇರೆ ಲೆಕ್ಕವೇನೂ ಇರಲಿಲ್ಲ. ಅರಳೆ ಮಂಡಿಯ ದೊಡ್ಡ ತಕ್ಕಡಿಗೆ ಒಯ್ದು, ಒಂದು ತಟ್ಟೆಯಲ್ಲಿ ಒಬ್ಬನನ್ನು, ಇನ್ನೊಂದರಲ್ಲಿ ಇನ್ನೊಬ್ಬನನ್ನು ಕೂರಿಸುವುದು. ತೂಗಬೇಕಾದ ಮಾವನೇ ತಟ್ಟೆಯಲ್ಲಿ ಕುಳಿತಿದ್ದಾರೆ, ಮುಳ್ಳು ನೋಡಿ ಹೇಳುವವರು ಯಾರು? ಕುಳಿತಲ್ಲಿಂದಲೇ ಕತ್ತು ಹೊರಳಿಸಿ ನೋಡಿ ಅವರೇ ಕೂಗಿದರು. "ಸಮ ಐತೆ, ಇಳಿಸ್ರಿ!" ನಿಜವಾಗಿಯೂ ಸಮನಿತ್ತು. ಆ ಕಡೆಯದು ದಂಡ ಹೊಡೆದ ಮೈ, ಈ ಕಡೆಯದು ಅತ್ತೆಯ ಮುದ್ದೆ ಸಾರು, ಅಷ್ಟೇ ವ್ಯತ್ಯಾಸ.

ಕೋಟೆಯ ಕೆಳಗಿನ ಬಯಲಿನಲ್ಲಿ ಜನವೋ ಜನ. ಮಾವ ಕಣಕ್ಕಿಳಿದೊಡನೆ ಕೂಗು ಶುರುವಾಯಿತು. "ಕಾಯಿ ತಂದಿಡ್ರಪ್ಪೋ!" "ಮಾವಾ, ಚಾಪೆ ಹಾಸ್ಲಾ?" ಬೇರೆಯವರಾಗಿದ್ದರೆ ಆ ಕೂಗಿಗೇ ಕುಗ್ಗುತ್ತಿದ್ದರು. ಮಾವನಿಗೆ ಅದು ಇಪ್ಪತ್ತೈದು ವರ್ಷದ ಪರಿಚಯ. ಕೂಗಿದವರನ್ನು ಗುರುತು ಹಿಡಿದು ಕೈ ಬೀಸಿದರು.

ಹಿರಿಯೂರಿನವನು ಬಂದವನೇ ಸೊಂಟಕ್ಕೆ ಕೈಹಾಕಿ ಎತ್ತಿದ. ನಾನು ಕಣ್ಣು ಮುಚ್ಚಿಕೊಂಡೆ. ಧೊಪ್ಪೆಂಬ ಸದ್ದು ಬರಲಿಲ್ಲ. ಕಣ್ಣು ಬಿಟ್ಟರೆ ಮಾವ ಅವನ ಕಾಲಿಗೆ ತಮ್ಮ ಕಾಲು ತೊಡರಿಸಿಕೊಂಡು ನಿಂತಿದ್ದಾರೆ! ಮತ್ತೆ ಎತ್ತಿದ. ಮತ್ತೆ ಜಾರಿದರು. ಹತ್ತು ನಿಮಿಷವಾಯಿತು, ಕಾಲು ಗಂಟೆಯಾಯಿತು. ಆ ಹುಡುಗ ಎಂದೂ ಇಷ್ಟು ಹೊತ್ತು ಹಿಡಿದವನಲ್ಲ. ಬಾಯಲ್ಲಿ ಉಸಿರು ಬಿಡತೊಡಗಿದ. ಅಷ್ಟರಲ್ಲಿ ಜನವೂ ತಿರುಗಿತು. "ಏನ್ಲೇ ಹಿರಿಯೂರು, ಮುದುಕನ್ನ ಎತ್ತಾಕಾಗಲ್ವಾ?" ಅಂಥ ಕೂಗು ಅವನ ಕಿವಿಗೆ ಬಿದ್ದದ್ದು ಅದೇ ಮೊದಲು. ಅವನು ಜನರ ಕಡೆ ನೋಡಿದ. ಮಾವ ಅವನ ಕಾಲಿನ ಕಡೆ ನೋಡುತ್ತಿದ್ದರು.

ಸಿಟ್ಟಿನಿಂದ ಮೂರನೆಯ ಸಲ ಎತ್ತಲು ಬಂದ. ಅದೇ ಪಟ್ಟು. ಅವನ ಅಷ್ಟೂ ಭಾರ ಎಡಗಾಲಿನ ತುದಿಗೆ ಬಂದ ಆ ಒಂದು ಗಳಿಗೆಯಲ್ಲಿ ಮಾವ ಮೊಣಕಾಲು ಒತ್ತಿ ಪಕ್ಕಕ್ಕೆ ವಾಲಿದರು. ಎಂಟು ಮಣವೂ ನೆಲಕ್ಕೆ ಬಂತು, ಬೆನ್ನು ಕೆಳಗಾಗಿ!

ಎಲ್ಲರಿಗಿಂತ ಹೆಚ್ಚು ಗಾಬರಿಯಾದವರು ಮಾವನೇ. ತಮ್ಮ ಕೆಳಗೆ ಒಬ್ಬ ಮನುಷ್ಯನಿರುವುದನ್ನು ಅವರು ಎಂದಾದರೂ ನೋಡಿದ್ದರೇ? "ಏಟಾಯ್ತೇನಪ್ಪಾ?" ಎಂದು ಕೇಳಿ, ಎದ್ದು, ನೆಟ್ಟಗೆ ಪಂಚರ ಬಳಿ ಹೋಗಿ, ಅಭ್ಯಾಸಬಲದಿಂದ ತೆಂಗಿನಕಾಯಿಗೆ ಕೈಚಾಚಿದರು! ಜನ ಹುಚ್ಚೆದ್ದು ಕುಣಿದರು. ಪಂಚರು ನಗುತ್ತ ನಗುತ್ತ ರುಮಾಲು ಸುತ್ತಿದರು. ನಾನೂ ನಗುತ್ತಿದ್ದೆ, ಕಣ್ಣಲ್ಲಿ ನೀರೂ ಬರುತ್ತಿತ್ತು.

ಸುದ್ದಿ ಹೇಳಲು ನಾನು ಮನೆಗೆ ಓಡಿದೆ. ಅತ್ತೆ ಕೈಯಲ್ಲಿದ್ದ ಮೊರವನ್ನು ಅಲ್ಲೇ ಕೆಳಗಿಟ್ಟರು. ಒಳಗೆ ಹೋಗಿ ಮದುವೆಯ ಸೀರೆ ಉಟ್ಟು, ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತರು. ಹಲಗೆ ಬಾರಿಸುತ್ತ ಮೆರವಣಿಗೆ ಬಂತು. ಗರಡಿಯವರು ಬಂದರು, ಮಂಡಿಯವರು ಬಂದರು, ಊರೆಲ್ಲ ಬಂತು. ಗೆದ್ದವರು ಮಾತ್ರ ಬರಲಿಲ್ಲ!

"ಮಾವ ಎಲ್ರಿ?" ಎಂದು ಕೂಗಿದೆ.

ಹಲಗೆಯವನು ಹಿಂದೆ ನೋಡಿದ. ಗರಡಿಯವರು ಮುಂದೆ ನೋಡಿದರು. ಇಷ್ಟು ಹೊತ್ತೂ ಮುಂದಿನವರು ಹಿಂದಿದ್ದಾರೆಂದೂ, ಹಿಂದಿನವರು ಮುಂದಿದ್ದಾರೆಂದೂ ನಂಬಿಕೊಂಡು ಕುಣಿದುಬಂದಿದ್ದರು. ಕೊನೆಗೆ ಒಬ್ಬ ಹೇಳಿದ. "ಹಿರಿಯೂರಿನ ಗಾಡಿ ಹೊಂಟಿತಲ್ಲ, ಅದರಾಗೆ ಹತ್ತಿದ್ದು ನೋಡ್ದೆ."

ಅತ್ತೆಯ ಮುಖ ನೋಡಲಾಗಲಿಲ್ಲ. ಇಪ್ಪತ್ತೈದು ವರ್ಷಕ್ಕೊಮ್ಮೆ ಗೆದ್ದ ಗಂಡ, ಗೆದ್ದ ದಿನವೇ ಬೇರೆ ಊರಿಗೆ ಹೋದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಆರತಿ ತಟ್ಟೆಯನ್ನು ಒಳಗಿಟ್ಟು, ಸೀರೆ ಬದಲಾಯಿಸಿ, ಒಲೆಯ ಮುಂದೆ ಕುಳಿತುಬಿಟ್ಟರು.

ನಾಲ್ಕನೆಯ ದಿನ ಸಂಜೆ ಮಾವ ಬಂದರು. ಕಾಲ್ನಡಿಗೆ, ಧೂಳು, ಬರಿದಲೆ. ಕಂಕುಳಲ್ಲಿ ಒಂದು ಗಂಟು. ಅತ್ತೆ ಬಾಗಿಲಿಗೆ ಅಡ್ಡ ನಿಂತರು. ಮಾವ ತಪ್ಪು ಮಾಡಿದವರಂತೆ ಗಂಟು ಬಿಚ್ಚಿ ರುಮಾಲು ತೆಗೆದು ಅವರ ಕೈಗಿಟ್ಟರು.

"ಆ ಹುಡುಗನ ಮುಂದೆ ಸುತ್ಕಂಡಿರಾಕೆ ಮನಸಾಗ್ಲಿಲ್ಲ, ಬಿಚ್ಚಿಟ್ಟೆ" ಎಂದು ಜಗಲಿಯ ಮೇಲೆ ಕುಳಿತರು. "ಗಾಡಿ ಹಿಂದೆ ಕುಂತು ಅಳ್ತಿದ್ದ ಕಣೇ. ಹೆಂಗೆ ಮನೇಗೆ ಹೋಗ್ಲಿ ಅಂದ. ಗೆದ್ದು ಹೋಗಾದು ನಂಗೊತ್ತಿಲ್ಲ. ಸೋತು ಹೋಗಾದು ಗೊತ್ತೈತೆ. ನಡಿ, ನಾನೂ ಬರ್ತೀನಿ ಅಂದೆ. ಅವರಮ್ಮ ಬಾಗಿಲಾಗೆ ಆರತಿ ಹಿಡ್ಕಂಡು ನಿಂತಿದ್ಳು. ಅವನು ಗಾಡಿಯಿಂದ ಇಳೀಲೇ ಇಲ್ಲ. ನಾನೇ ಮುಂದೆ ಹೋಗಿ, ತಾಯೀ, ನಿನ್ನ ಮಗನ್ನ ಕೆಡವಿದೋನು ನಾನೇ, ಚೆನ್ನಾಗಿ ಹಿಡಿದ ಕಣಮ್ಮ, ಇಂಥ ಆಳನ್ನ ನಾನು ಕಂಡಿಲ್ಲ ಅಂದೆ. ಆಮೇಲೆ ಇಳಿದ. ಎರಡು ದಿನ ಇರಿಸ್ಕಂಡು ಕಳಿಸಿದ್ರು."

ನನ್ನ ನಾಲಗೆ ಆಗಲೂ ಸುಮ್ಮನಿರಲಿಲ್ಲ. "ಅಷ್ಟು ಹೇಳಾಕೆ ಹಿರಿಯೂರಿನ ತನಕ ಹೋಗ್ಬೇಕಿತ್ತಾ ಮಾವ? ಚೆನ್ನಾಗೇ ಹಿಡಿದೆ ಅಂತ ಅವನೇ ಹೇಳ್ಕಣ್ತಿದ್ದ."

"ಸೋತೋನು ಹೇಳ್ಕಂಡ್ರೆ ಯಾರು ನಂಬ್ತಾರಲೇ?" ಮಾವ ನಗುತ್ತಲೇ ಹೇಳಿದರು. "ಗೆದ್ದೋನು ಬಂದು ಹೇಳ್ಬೇಕು. ಇಪ್ಪತ್ತೈದು ವರ್ಷ ಆಯ್ತು. ನಮ್ಮ ಬಾಗಿಲಿಗೆ ಒಬ್ಬನೂ ಬಂದು ನಿಮ್ಮತ್ತೆಗೆ ಹೇಳ್ಲಿಲ್ಲ ನೋಡು."

ನನಗೆ ನಗಲಾಗಲಿಲ್ಲ. ಅಷ್ಟು ವರ್ಷ ಅವರ ಒಂದೊಂದು ಸೋಲನ್ನೂ ಊರಿಗೆಲ್ಲ ಬಣ್ಣಿಸಿ ನಗಿಸಿದವನು ನಾನು. ಚೆನ್ನಾಗಿ ಹಿಡಿದಿರಿ ಮಾವ ಎಂಬ ಒಂದು ಮಾತು ನನ್ನ ಬಾಯಿಂದಲೂ ಬಂದಿರಲಿಲ್ಲ.

ಅತ್ತೆ ರುಮಾಲನ್ನು ಹಿಡಿದುಕೊಂಡೇ ಬಂದು ಮಾವನ ಎದುರು ನಿಂತರು.

"ನನಗೆ ಯಾರು ಬಂದು ಹೇಳ್ಬೇಕಿತ್ತು?" ಎಂದರು. "ಪ್ರತಿ ಕುಸ್ತಿ ಮುಗಿಸ್ಕಂಡು ಬಂದಾಗ್ಲೂ ಆ ಮೈಗೆ ಬಿಸಿನೀರು ಹಾಕಿ ಉಜ್ಜಿದೋಳು ನಾನು. ಎಲ್ಲೆಲ್ಲಿ ಕಂದಿತ್ತು, ಎಷ್ಟೆಷ್ಟು ಬಾತಿತ್ತು, ಎಲ್ಲಾ ನೋಡೀನಿ. ಬೀಳಾ ಮುಂಚೆ ಎಷ್ಟು ತಡ್ಕಂಡಿದ್ರಿ ಅಂತ ನನಗೆ ಗೊತ್ತಾಗ್ತಿರ್ಲಿಲ್ವೇನ್ರಿ?"

ಅಷ್ಟು ಹೊತ್ತು ನಗುತ್ತಿದ್ದ ಮಾವ, ಅಲ್ಲೇ ಜಗಲಿಯ ಮೇಲೆ, ನಾನು ಎದುರಿಗಿದ್ದೇನೆಂಬುದನ್ನೂ ಮರೆತು, ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.