ಕೊಟ್ಟಿಗೆಯಲ್ಲಿ ಕಟ್ಟಿದ ವಿಮಾನ

ರೆಕ್ಕೆ ಹರಿಯಬಹುದಿತ್ತು. ಎಂಜಿನ್ನು ಕೆಮ್ಮಿ ಕೆಮ್ಮಿ ಸುಮ್ಮನಾಗಬಹುದಿತ್ತು. ವಿಮಾನ ಕೊಳ್ಳಲು ಬರುವವರ ಮೋಟಾರು ಸೊಲ್ಲಾಪುರದಲ್ಲೇ ಕೆಟ್ಟು ನಿಲ್ಲಬಹುದಿತ್ತು; ಇಲ್ಲವೇ ದಾರಿಯಲ್ಲಿ ಅವರಿಗೆ ಬುದ್ಧಿ ಬಂದು ತಿರುಗಿ ಹೋಗಬಹುದಿತ್ತು. ಬಿರುಗಾಳಿ ಏಳಬಹುದಿತ್ತು, ಎಮ್ಮೆ ಹಾಯಬಹುದಿತ್ತು. ಇಡೀ ವಾರ ಇವನ್ನೆಲ್ಲ ನೆನೆನೆನೆದು ಬೆವರಿದ್ದೆ. ಚಿಂತೆ ನನಗೆ ಎಲೆ‑ಅಡಿಕೆಯ ಹಾಗೆ, ಊಟವಾದ ಕೂಡಲೇ ಬೇಕು.

ಕಲ್ಯಾಣದ ನಮ್ಮ ಜಹಗೀರದಾರ ಸಾಹೇಬರು, ನಿಜಾಮರ ಆಡಳಿತ ಮುಗಿದ ಮೇಲೆ ಊರು ಬಿಡುವಾಗ, ಕಾರಕೂನನಾದ ನನಗೆ ಬಾಕಿ ಪಗಾರದ ಬದಲು ತಮ್ಮ ಹಳೆಯ ವಿಮಾನವನ್ನೇ ಕೊಟ್ಟುಬಿಟ್ಟರು. ಸದ್ಯ, ಆನೆ ಕೊಡಲಿಲ್ಲವಲ್ಲ ಎಂದುಕೊಂಡೆ. ಆನೆಯೇ ವಾಸಿಯಿತ್ತು, ಅದರ ಮೇವು ಇಲ್ಲೇ ಬೆಳೆಯುತ್ತದೆ. ಇದಕ್ಕೆ ಎಲ್ಲವೂ ಮುಂಬಯಿಯಿಂದ ಬರಬೇಕು. ಹಾರಿದರೆ ಎಣ್ಣೆ ಕುಡಿಯುತ್ತದೆ, ನಿಂತರೆ ಟೈರು ಬಿರಿಯುತ್ತದೆ. ರೆಕ್ಕೆ ಬಟ್ಟೆಯದು, ಇಲಿ ಕಡಿದರೆ ಹೊಸ ಬಟ್ಟೆ, ಬಟ್ಟೆಗೆ ವಾರ್ನಿಷು. ರೆಕ್ಕೆ ಮಡಚಿ ಕೊಟ್ಟಿಗೆಯಲ್ಲಿ ನಿಲ್ಲಿಸಿದ್ದರಿಂದ ಆ ವಾಸನೆಗೆ ಎಮ್ಮೆ ಹಾಲು ಕೊಡುವುದನ್ನೇ ಬಿಟ್ಟಿತು.

“ನನ್ನ ಬಂಗಾರದ ಬೋರಮಾಳ ಸರ ನುಂಗಿ ನೀರ ಕುಡೀತು ಇದು,” ಎಂದಳು ನನ್ನ ಹೆಂಡತಿ ಶಾಂತಾಬಾಯಿ. “ಇನ್ನ ಕೈಯಾನ ಪಾಟ್ಲಿ ಕೇಳಿದ್ರ ನಾ ತವರಿಗೆ ಹೊಂಟೆ. ನೀವು ಇದರ ಕೂಡನ ಸಂಸಾರ ಮಾಡ್ರಿ!”

ಅಂತೂ ಕೊಳ್ಳಲು ಸೊಲ್ಲಾಪುರದ ದೇಶಮುಖರು ಬಂದರು, ತಾವೇ ವಿಮಾನ ಹಾರಿಸಬಲ್ಲವರು. ಹುಮನಾಬಾದಿನ ಲಾರಿ ಮಿಸ್ತ್ರಿ ಚಾಂದಮಿಯಾ ಹೊಲದಲ್ಲಿ ನಿಲ್ಲಿಸಿದ್ದ ವಿಮಾನದ ಮೂಗಿನ ಪಂಖ ತಿರುವಿದ. ಎಂಜಿನ್ನು ಒಂದೇ ಏಟಿಗೆ ಹೊತ್ತಿಕೊಂಡಿತು. “ಹ್ಯಾಂಗ ಗುರುಗುಟ್ಟಾಕತ್ತದ ನೋಡ್ರಿ ಸಾಬ್, ಹುಲಿ!” ಎಂದ. ದೇಶಮುಖರು ಕಲ್ಯಾಣದ ಕೋಟೆಯ ಮೇಲೊಂದು ಸುತ್ತು ಹಾರಿ, ಹೂವಿನಂತೆ ಇಳಿದು, “ಸೌದಾ ಪಕ್ಕಾ ರಾಯರ, ಚಹಾ ಕುಡದು ಇದರಾಗ ಹೊಂಡ್ತೀನಿ,” ಎಂದರು.

ಎಲ್ಲ ಸರಿಹೋದರೇ ನನಗೆ ಹೆಚ್ಚು ಭಯ. ದೃಷ್ಟಿ ತಾಕಿದರೆ? ಗಾಡಿ ಹೊರಡುವ ಮುಂಚೆ ಕಾಯಿ ಒಡೆಯುವುದು ನಮ್ಮಲ್ಲಿ ಪದ್ಧತಿ. ಮನೆಗೆ ಓಡಿ ತೆಂಗಿನಕಾಯಿ ತಂದೆ. ಒಡೆಯಲು ಕಲ್ಲು ಹುಡುಕಿದರೆ ಹೊಲದಲ್ಲಿ ಒಂದೂ ಇಲ್ಲ. ಟೈರಿಗೆ ಚುಚ್ಚೀತೆಂದು ನಾನೇ ಎಲ್ಲ ಆರಿಸಿ ಹಾಕಿಸಿದ್ದೆ. ಗಟ್ಟಿಯಾಗಿ ಕಣ್ಣಿಗೆ ಕಂಡದ್ದು ಮೂಗಿನ ಪಂಖವೊಂದೇ. ದೇವರ ಹೆಸರು ಹೇಳಿ ಬಾರಿಸಿದೆ.

“ಅಯ್ಯ, ಅದು ಕಟ್ಟಿಗೀದ್ರೀ!” ಎಂದು ದೇಶಮುಖರು ಚಹಾದ ಕಪ್ಪು ಬಿಟ್ಟು ಕೂಗುವಷ್ಟರಲ್ಲಿ ಪಂಖ ಉದ್ದಕ್ಕೆ ಸೀಳಿತ್ತು.

“ಮುಂಬಯಿಯಿಂದ ಹೊಸಾದು ತರಸ್ರಿ, ಆಮ್ಯಾಲ ನೋಡೂಣು,” ಎಂದು ಅವರು ಮೋಟಾರು ಹತ್ತಿದರು.

ಶಾಂತಾಬಾಯಿ ಬಾಗಿ ಎರಡು ಹೋಳುಗಳನ್ನು ಎತ್ತಿಕೊಂಡಳು.

“ಕಾಯಿ ಮಾತ್ರ ಭಾಳ ಛಲೋ ಒಡದದ ನೋಡ್ರಿ,” ಎಂದಳು. ಆಮೇಲೆ ಪಾಟ್ಲಿಯಿದ್ದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.