ನಲವತ್ತೇಳನೇ ಪುಟ

ಶನಿವಾರ ಬೆಳಗ್ಗೆ ಎಂಟೂವರೆಗೆ ಹೇಫೆಲೆಯ ಕಣ್ಣಿಗೆ ಬಿದ್ದ ಸಂಗತಿ ಇಷ್ಟೇ: ಹಳೆಯ ನೋಟ್‌ಬುಕ್ಕಿನಲ್ಲಿ ನಲವತ್ತೈದನೇ ಪುಟ ಮಗುಚಿದರೆ ನಲವತ್ತೆಂಟು ಬರುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಕಾಫಿ ಕುಡಿದು ಸುಮ್ಮನಾಗುತ್ತಿದ್ದರು. ಹೇಫೆಲೆಯಾದರೋ ಓಟೆಲ್ಸ್‌ಬಾಕ್ ಊರಿನ ಹ್ಯಾಂಡ್‌ಬಾಲ್ ಕ್ಲಬ್ಬಿನ ಅಂಕಿಅಂಶದ ಮನುಷ್ಯ. 1921ರಲ್ಲಿ ಹುಲ್ಲುಗಾವಲಿನಲ್ಲಿ ಹುಟ್ಟಿದ ಕ್ಲಬ್ಬು ಅದು. ಮೂರು ವರ್ಷ ಮೊದಲ ದರ್ಜೆಯ ಲೀಗಿನಲ್ಲಿ ಆಡಿ, 1986ರಲ್ಲಿ ಕೆಳಗಿಳಿದು, ಈಗ ಸಂಬಳದ ಆಟಗಾರರನ್ನು ಇಟ್ಟುಕೊಂಡು ಎರಡನೇ ದರ್ಜೆಯಲ್ಲಿದೆ. ಅದರ ಪ್ರತಿ ಪಂದ್ಯದ ಫಲಿತಾಂಶವನ್ನು ಮೂವತ್ತೊಂದು ವರ್ಷದಿಂದ ಬರೆದಿಡುತ್ತ ಬಂದವನು ಹೇಫೆಲೆ. ಕ್ಲಬ್ಬಿನ ಮುಖ್ಯ ತಂಡವಾದ ಮೊದಲ ತಂಡದ ಒಟ್ಟು ಗೆಲುವು ಒಂಬೈನೂರ ತೊಂಬತ್ತೊಂಬತ್ತು ಎಂದು ಲೆಕ್ಕ ಕೊಟ್ಟವನೂ ಅವನೇ. ಇವತ್ತು ಸಂಜೆ ತಂಡ ಗೆದ್ದರೆ ಸಾವಿರ. ಮೇಯರ್ ಅವನ ಕೋಟಿಗೆ ಚಿನ್ನದ ಗೌರವ ಪಿನ್ನು ಚುಚ್ಚುವುದೆಂದು ನಿಶ್ಚಯವಾಗಿತ್ತು. ಪಿನ್ನಿನ ಮೇಲೆ 'ತಪ್ಪಿಲ್ಲದ ಲೆಕ್ಕಕ್ಕೆ' ಎಂದು ಕೆತ್ತಿಸಿಯೂ ಆಗಿತ್ತು.

ಆ ನೋಟ್‌ಬುಕ್ಕು ಅವನಿಗಿಂತ ಮುಂಚೆ ಲೆಕ್ಕ ಬರೆಯುತ್ತಿದ್ದ ರಾಪ್ ಎಂಬಾತನದು. ರಾಪ್ ಆಟಗಾರನೂ ಹೌದು. ಚೆಂಡು ಜಾರದಿರಲೆಂದು ಬೆರಳಿಗೆ ಹಚ್ಚಿದ ರಾಳವನ್ನು ಒರೆಸಿಕೊಳ್ಳದೆ ಬಂದು, ಬಲಗಡೆಯ ಪುಟದಲ್ಲಿ ಪಂದ್ಯಕ್ಕೊಂದರಂತೆ ಬರೆಯುತ್ತಿದ್ದ. ನಲವತ್ತಾರು ಮತ್ತು ನಲವತ್ತೇಳು ಐವತ್ತು ವರ್ಷದಿಂದ ಹೊಸ ದಂಪತಿಗಳಂತೆ ಅಂಟಿಕೊಂಡಿದ್ದವು.

ಅಷ್ಟರಲ್ಲಿ ಮಹಡಿಯ ಮನೆಯ ರೋಸ್ವಿತಾ ಕ್ಲೆಂಕ್ ಬಾಗಿಲು ಬಡಿದಳು.

"ಹೇಫೆಲೆಯವ್ರೇ, ಈ ವಾರ ಮೆಟ್ಟಿಲು ಗುಡಿಸೋ ಸರದಿ ನಿಮ್ದು. ನೆನಪಿದೆಯೋ, ಇಲ್ಲಾ ಅದನ್ನೂ ನೋಟ್‌ಬುಕ್ಕಲ್ಲಿ ಬರ್ದಿಡಬೇಕೋ?"

"ಗುಡಿಸ್ತೀನಿ ಕ್ಲೆಂಕ್ ಅಮ್ಮಾ. ಇಲ್ಲೊಂದು ಪುಟ ಅಂಟಿಬಿಟ್ಟಿದೆ."

"ರಾಳಾನಾ? ಬೆಣ್ಣೆ ಹಚ್ಚಬೇಕು. ನಮ್ಮ ಯಜಮಾನ್ರು ಆಡ್ತಿದ್ದಾಗ ವಾರಕ್ಕೆ ಕಾಲು ಕಿಲೋ ಬೆಣ್ಣೆ ಬರೀ ಅಂಗಿ ತೊಳೆಯೋಕೇ ಹೋಗ್ತಿತ್ತು." ಅವನು ಬೇಡ ಎನ್ನುವ ಮೊದಲೇ ಬೆಣ್ಣೆ ಬಂತು, ಚಾಕುವೂ ಬಂತು.

ಅರ್ಧ ಗಂಟೆಯಲ್ಲಿ ಪುಟದ ಕೆಳಭಾಗ ಬಿಟ್ಟುಕೊಂಡಿತು. ತಲೆಬರಹ, ತಾರೀಖು ಇದ್ದ ಮೇಲ್ಭಾಗ ಮಾತ್ರ ಕಚ್ಚಿಕೊಂಡೇ ಇತ್ತು. ಕೆಳಗೆ ರಾಪನ ಅಕ್ಷರ ಸ್ಪಷ್ಟವಾಗಿತ್ತು: 'ಓಟೆಲ್ಸ್‌ಬಾಕ್ 17, ಕಿರ್ಶೆನಾವ್ 12. ಗೆಲುವು.'

ಹೇಫೆಲೆ ಕುರ್ಚಿಯಲ್ಲಿ ಕುಸಿದ. "ಇನ್ನೊಂದು ಗೆಲುವು! ಹಾಗಾದ್ರೆ ಸಾವಿರ ಇವತ್ತಲ್ಲ. ಹೋದ ವಾರ ಪರ ಊರಲ್ಲಿ, ಮುನ್ನೂರು ಜನರ ಮುಂದೆ ಆಗಿಹೋಯ್ತು." ಆಮೇಲೆ ಹುಬ್ಬು ಗಂಟಿಕ್ಕಿದ. "ಆದ್ರೆ ಆ ವರ್ಷ ಪಂದ್ಯ ಯಾವ್ದೂ ಕಮ್ಮಿ ಇರ್ಲಿಲ್ವಲ್ಲ. ಮೇಲ್ಗಡೆ ಏನಿದೆ ನೋಡ್ಬೇಕು..."

"ನೋಡೋದು ಆಮೇಲೆ, ಮೊದ್ಲು ಅಧ್ಯಕ್ಷರಿಗೆ ಹೇಳಿ," ಎಂದವಳೇ ಕ್ಲೆಂಕ್ ತಾನೇ ಫೋನು ಮಾಡಿಬಿಟ್ಟಳು.

ಕ್ಲಬ್ಬಿನ ಅಧ್ಯಕ್ಷ ಶ್ಟೋಲ್ ಹತ್ತು ನಿಮಿಷದಲ್ಲಿ ಬಂದ. ಜೊತೆಗೆ ಬಂದ, ಸಂಜೆಯ ಸಮಾರಂಭಕ್ಕೆ ಕೇಕ್ ಮಾಡುತ್ತಿದ್ದ ಬೇಕರಿಯ ಟ್ರೌಬ್, ಮೈಗೆಲ್ಲ ಹಿಟ್ಟು ಮೆತ್ತಿಕೊಂಡು, ಗಿರಣಿಯಿಂದ ಓಡಿಬಂದ ಇಲಿಯ ಹಾಗಿದ್ದ.

"ಏನಯ್ಯ ಹೇಫೆಲೆ ಇದು?" ಶ್ಟೋಲ್ ಗುಡುಗಿದ. "ಬ್ಯಾನರ್ ಕಟ್ಟಾಗಿದೆ, ಬ್ಯಾಂಡ್‌ನೋರು ಹೊರಟಾಗಿದೆ. ಹೋದ ವಾರವೇ ಆಗೋಯ್ತು ಅಂದ್ರೆ ಮೇಯರ್‌ಗೆ ಏನಂತ ಹೇಳ್ಲಿ?"

"ನನ್ನ ಕೇಕು ನಾಲ್ಕು ಅಡಿ ಇದೆ," ಎಂದ ಟ್ರೌಬ್. "ಒಂದು, ಮೂರು ಸೊನ್ನೆ. ಕೊನೇ ಸೊನ್ನೆ ಒಂದು ಮಾಡೋಣ ಅಂದ್ರೆ ಚೆರ್ರಿ ಎಲ್ಲ ಕಿತ್ತು ಮತ್ತೆ ಜೋಡಿಸ್ಬೇಕು. ನನ್ ಕೈಲಾಗಲ್ಲ."

"ಒಂದು ಗೆಲುವು ಕಡಿಮೆ ಮಾಡು," ಎಂದ ಶ್ಟೋಲ್.

"ಗೆಲುವು ಅಂದ್ರೆ ಆಲೂಗಡ್ಡೇನಾ, ಒಂದು ತೆಗೆದಿಡೋಕೆ?"

"ಮೂವತ್ತೊಂದು ವರ್ಷದಲ್ಲಿ ಅನುಮಾನ ಇರೋದು ಒಂದೂ ಇಲ್ವೇನಯ್ಯ?"

ಹೇಫೆಲೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅದೇ ಅವನ ಕಷ್ಟ. "ಒಂದಿದೆ," ಎಂದ. 1997ರಲ್ಲಿ ಬ್ರೆಮೆನ್‌ರೀಡ್ ತಂಡವನ್ನು ಇವರು ಮೂವತ್ತೊಂದು-ಹತ್ತೊಂಬತ್ತರಿಂದ ಸೋಲಿಸಿದ್ದರು. ಆಮೇಲೆ ಆ ತಂಡ ಸಾಲದಲ್ಲಿ ಮುಳುಗಿ, ನಡುವೆಯೇ ಲೀಗ್ ಬಿಟ್ಟಿತು. ಬಿಟ್ಟುಹೋದ ತಂಡದ ಪಂದ್ಯಗಳೆಲ್ಲ ರದ್ದು ಎಂಬುದು ನಿಯಮ. ಹೇಫೆಲೆ ಮಾತ್ರ ಪಕ್ಕದಲ್ಲಿ ಪೆನ್ಸಿಲಿನಿಂದ ಒಂದು ಪ್ರಶ್ನೆಚಿಹ್ನೆ ಹಾಕಿ, ಗೆಲುವನ್ನು ಉಳಿಸಿಕೊಂಡಿದ್ದ.

"ಹುಡುಗ್ರು ಬೆವರು ಸುರಿಸಿದ್ದಾರೆ ಶ್ಟೋಲ್. ಆಡಿದ್ದು ಆಡಿದ್ದೇ."

"ನಿಯಮ ಅಂದ್ರೆ ನಿಯಮ!" ಶ್ಟೋಲ್ ಮೇಜು ಗುದ್ದಿದ. "ನಿನ್ನಂಥೋನೇ ನಿಯಮ ಮುರಿದ್ರೆ ಹೇಗೆ? ಹೊಡಿ ಅದನ್ನ."

ಹೇಫೆಲೆ ಪೆನ್ನಿನಿಂದ 1997ರ ಗೆಲುವನ್ನು ಹೊಡೆದುಹಾಕಿದ. ಒಂದು ಬಂತು, ಒಂದು ಹೋಯಿತು. ಮತ್ತೆ ಒಂಬೈನೂರ ತೊಂಬತ್ತೊಂಬತ್ತು. ಎಲ್ಲರೂ ನಿಟ್ಟುಸಿರುಬಿಟ್ಟರು. ಅಂಟಿದ ಮೇಲ್ಭಾಗವನ್ನು ಬಿಡಿಸಿಯೇ ಹೋಗುತ್ತೇನೆ ಎಂದು ಹೇಫೆಲೆ ಹೇಳಿದರೆ ಕ್ಲೆಂಕ್ ಬಿಡಲಿಲ್ಲ. "ನೀವು ಕೋಟು ಇಸ್ತ್ರಿ ಮಾಡ್ಕೊಳ್ಳಿ. ಬೆಣ್ಣೆಗೆ ಆತುರ ಆಗಲ್ಲ. ನಾನು ನೋಡ್ಕೋತೀನಿ," ಎಂದು ನೋಟ್‌ಬುಕ್ಕನ್ನು ಕೇಕಿನ ಡಬ್ಬಿಯಲ್ಲಿಟ್ಟು ಮಹಡಿಗೆ ಒಯ್ದಳು. ಈ ಗಡಿಬಿಡಿಯಲ್ಲಿ ಮೆಟ್ಟಿಲು ಗುಡಿಸುವುದು ಉಳಿದುಹೋಯಿತು.

ಸಂಜೆ ಆರಕ್ಕೆ ಪಂದ್ಯ. ಎರಡು ಸಾವಿರದ ನೂರಾ ಎಂಬತ್ತು ಜನ. ಹೇಫೆಲೆ ಟಿಕೆಟಿನವರನ್ನೇ ಕೇಳಿ ಬರೆದುಕೊಂಡ. ಓಟೆಲ್ಸ್‌ಬಾಕ್ ಐವತ್ತೆಂಟನೇ ನಿಮಿಷದವರೆಗೂ ಇಪ್ಪತ್ತೇಳು-ಇಪ್ಪತ್ತಾರರಿಂದ ಮುಂದಿತ್ತು. ಟ್ರೌಬ್ ಕೇಕಿನ ಮೇಲಿನ ಬಟ್ಟೆ ತೆಗೆದ. ಅದನ್ನೇ ಕಾಯುತ್ತಿದ್ದವರಂತೆ ಎದುರಾಳಿಗಳು ಸಮ ಮಾಡಿದರು. ಮುಗಿಯುವ ಹಾರ್ನ್ ಮೊಳಗಿದ ಮೇಲೂ ರೆಫರಿ ಅವರಿಗೆ ಏಳು ಮೀಟರ್ ದೂರದ ಪೆನಾಲ್ಟಿ ಎಸೆತ ಕೊಟ್ಟ. ಚೆಂಡು ಗೋಲ್‌ಕೀಪರನ ಮೊಣಕಾಲಿಗೆ ಬಡಿದು, ಯೋಚನೆ ಮಾಡಿ, ಒಳಗೆ ಹೋಯಿತು. ಇಪ್ಪತ್ತೇಳು-ಇಪ್ಪತ್ತೆಂಟು.

ಬ್ಯಾಂಡಿನವರು ತುತ್ತೂರಿ ತುಟಿಗಿಟ್ಟುಕೊಂಡು ಶ್ಟೋಲ್‌ನ ಮುಖ ನೋಡಿದರು. ಶ್ಟೋಲ್ ಹೇಫೆಲೆಯ ತೋಳು ಹಿಡಿದು ಮೂಲೆಗೆ ಎಳೆದ.

"ಆ ತೊಂಬತ್ತೇಳರ ಗೆಲುವು ವಾಪಸ್ ಹಾಕು."

"ನಿಯಮ ಅಂದ್ರೆ ನಿಯಮ ಅಂದ್ಯಲ್ಲ?"

"ಹುಡುಗ್ರ ಬೆವರಿಗೆ ಬೆಲೆ ಇಲ್ವೇನಯ್ಯ? ಆಡಿದ್ದು ಆಡಿದ್ದೇ!"

ಹೇಫೆಲೆ ಬಾಯಿ ತೆರೆಯುವಷ್ಟರಲ್ಲಿ ಶ್ಟೋಲ್ ಮೈಕಿನ ಮುಂದಿದ್ದ. "ಮಹನೀಯರೇ, ಮಹಿಳೆಯರೇ! ಇವತ್ತಿನ ಸೋಲಿಗೆ ಬೇಸರ ಬೇಡ. ಇಂದು ಬೆಳಗ್ಗೆ ನಮ್ಮ ಹೇಫೆಲೆ ಹಳೆಯ ದಾಖಲೆಯಲ್ಲಿ ಒಂದು ಗೆಲುವು ಪತ್ತೆ ಮಾಡಿದ್ದಾರೆ. ಸಾವಿರನೆಯ ಗೆಲುವು ಹೋದ ವಾರವೇ ನಮ್ಮದಾಗಿದೆ!"

ಜನ ಕುಣಿದರು. ಬ್ಯಾಂಡ್ ಬಾರಿಸಿತು. ಟ್ರೌಬ್ ಕೊನೆಯ ಸೊನ್ನೆಗೆ ಚಾಕು ಹಾಕಿದ. ಸರಿಯಾಗಿ ಏಳು ನಲವತ್ತೊಂದಕ್ಕೆ ಮೇಯರ್ ಹೇಫೆಲೆಯ ಕೋಟಿಗೆ ಪಿನ್ನು ಚುಚ್ಚಿದರು. ಹೇಫೆಲೆಯ ಕಣ್ಣು ಒದ್ದೆಯಾಯಿತು. 1997ರ ವಿಷಯ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಆದರೂ ಮೂವತ್ತೊಂದು ವರ್ಷದಲ್ಲಿ ಯಾರೂ ಅವನಿಗೆ ಚಪ್ಪಾಳೆ ತಟ್ಟಿರಲಿಲ್ಲ.

ಆಗ ಕ್ಲೆಂಕ್ ಜನರನ್ನು ಮೊಣಕೈಯಿಂದ ಸರಿಸಿಕೊಂಡು, ಕೇಕಿನ ಡಬ್ಬಿ ಹಿಡಿದು ಮೈಕಿನ ಹತ್ತಿರವೇ ಬಂದುಬಿಟ್ಟಳು.

"ಬಿಟ್ಕೊಳ್ತು ಹೇಫೆಲೆಯವ್ರೇ, ಪೂರ್ತಿ ಬಿಟ್ಕೊಳ್ತು!" ಅವಳ ದನಿ ಸಭಾಂಗಣದ ಮಾಡಿಗೆ ಬಡಿಯಿತು. "ಮೇಲ್ಗಡೆ ಏನೋ ಬರ್ದಿದೆ, ಎಷ್ಟು ಚೆನ್ನಾಗಿದೆ ಕೇಳಿ. 'ಎರಡನೇ ತಂಡದ ಪಂದ್ಯ. ಪಾಪ, ನೋಡಲು ಯಾರೂ ಬಂದಿರಲಿಲ್ಲ. ಅದಕ್ಕೇ ನಾನಾದರೂ ಬರೆದಿಟ್ಟಿದ್ದೇನೆ.'"

ಬ್ಯಾಂಡ್ ಒಂದೊಂದೇ ವಾದ್ಯವಾಗಿ ನಿಂತಿತು. ಡೋಲಿನವನಿಗೆ ಕೊನೆಗೆ ಗೊತ್ತಾಯಿತು.

"ಎರಡನೇ ತಂಡದ ಗೆಲುವು ಲೆಕ್ಕಕ್ಕೆ ಬರುತ್ತಾ?" ಮೇಯರ್ ಮೆಲ್ಲಗೆ ಕೇಳಿದರು.

"ಬರಲ್ಲ," ಎಂದ ಹೇಫೆಲೆ. ಮೈಕು ಅದನ್ನೂ ಊರಿಗೆಲ್ಲ ಹೇಳಿತು.

"ಹಾಗಾದ್ರೆ ಈಗ ಒಟ್ಟು ಎಷ್ಟು?"

ಶ್ಟೋಲ್ ಹಿಂದಿನಿಂದ ಅವನ ಕೋಟು ಜಗ್ಗಿದ. ಹೇಫೆಲೆ ಒಮ್ಮೆ ಪಿನ್ನು ನೋಡಿಕೊಂಡ. "ಆಡಿದ್ದು ಆಡಿದ್ದೇ ಅಂದ್ರೆ ಒಂಬೈನೂರ ತೊಂಬತ್ತೊಂಬತ್ತು. ನಿಯಮ ಅಂದ್ರೆ ಒಂಬೈನೂರ ತೊಂಬತ್ತೆಂಟು. ಸಾವಿರ ಯಾವ ಲೆಕ್ಕದಲ್ಲೂ ಇಲ್ಲ."

ಅಣಕದ ಶಿಳ್ಳೆ ಎದ್ದಿತು. ಯಾರೋ ಕಾಗದದ ಲೋಟ ಎಸೆದರು. ಏಳು ನಲವತ್ತೈದಕ್ಕೆ ಮೇಯರ್ ಪಿನ್ನನ್ನು ಮರಳಿ ಕಿತ್ತುಕೊಂಡರು. 'ತಪ್ಪಿಲ್ಲದ ಲೆಕ್ಕಕ್ಕೆ' ಎಂದು ಕೆತ್ತಿದ್ದನ್ನು ಅಳಿಸುವಂತಿರಲಿಲ್ಲ. ಯಾರಿಗೂ ಕೊಡದೆ ಒಯ್ದರೆ ಊರಿಗೇ ಅವಮಾನ. ಅವರು ಒಂದು ಕ್ಷಣ ಯೋಚಿಸಿ, ತಪ್ಪನ್ನು ಪತ್ತೆ ಮಾಡಿದ್ದಕ್ಕೆಂದು ಅದನ್ನು ರೋಸ್ವಿತಾ ಕ್ಲೆಂಕ್‌ಳ ಸ್ವೆಟರಿಗೆ ಚುಚ್ಚಿದರು. ಬ್ಯಾಂಡ್ ಮತ್ತೆ ಶುರುವಾಯಿತು.

ಹೇಫೆಲೆ ಮನೆಗೆ ಬಂದು ತನ್ನ ನೋಟ್‌ಬುಕ್ಕು ತೆರೆದು ಬರೆದ: 'ಓಟೆಲ್ಸ್‌ಬಾಕ್ 27, ಎದುರಾಳಿ 28. ಸೋಲು. ಒಟ್ಟು ಗೆಲುವು 998. ಗೌರವ ಪಿನ್ನು: ನಾಲ್ಕು ನಿಮಿಷ.' ಆಮೇಲೆ ಪೊರಕೆ ಹಿಡಿದು ಮೆಟ್ಟಿಲು ಗುಡಿಸಲು ಹೊರಟ. ಮನಸ್ಸು ತಿಳಿಯಾಗಲೆಂದು ಎಣಿಸುತ್ತಲೇ ಗುಡಿಸಿದ.

"ಮುಗೀತಾ ಹೇಫೆಲೆಯವ್ರೇ?" ಮೇಲಿನಿಂದ ಕ್ಲೆಂಕ್ ಬಗ್ಗಿ ನೋಡಿದಳು. ಸ್ವೆಟರಿನ ಮೇಲೆ ಚಿನ್ನ ಮಿನುಗಿತು.

"ಮುಗೀತು. ಹದಿನಾರೂ ಗುಡಿಸಿದ್ದೀನಿ."

"ಹದಿನೇಳು," ಎಂದಳು ಕ್ಲೆಂಕ್. "ನೀವು ನಿಂತಿರೋದು ಬಿಟ್ಟಿದ್ದೀರಿ."